ಕಪ್ಪು ಪುಡಿಗೆ ಬಣ್ಣ ಹಾಕುವುದೇಕೆ?

ಪ್ರಶ್ನೆ: ಮೇಡಂ, ನಾನು ಬನಹಟ್ಟಿಯವಳು. ಎಂ.ಎಸ್ಸಿ ರಸಾಯನಶಾಸ್ತ್ರ ಓದುತ್ತಿದ್ದೇನೆ. ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ನೂಲಿಗೆ ಬಣ್ಣ ಹಾಕುವ ಕೆಲಸ ನಡೆದಿದೆ. ಕಾರ್ಬನ್ ನ್ಯಾನೊಟ್ಯೂಬಿಗೆ ಬಣ್ಣದ ಅಣು ಅಂಟಿಸಿ ಹೊಸ ವಸ್ತು ಮಾಡುತ್ತಾರೆ ಎಂದು ಒಂದು ಸೆಮಿನಾರಿನಲ್ಲಿ ಕೇಳಿದೆ. ಆದರೆ ನ್ಯಾನೊಟ್ಯೂಬ್ ಎಂದರೆ ಮಸಿಯಂಥ ಕಪ್ಪು ಪುಡಿ. ಕಪ್ಪಿಗೆ ಬಣ್ಣ ಹಾಕಿ ಏನು ಪ್ರಯೋಜನ? ಅದು ಹೇಗೆ ಅಂಟುತ್ತದೆ? ಅಂಟಿದೆ ಎಂದು ಹೇಗೆ ಗೊತ್ತಾಗುತ್ತದೆ? ಪ್ರಾಜೆಕ್ಟಿಗೆ ಇದನ್ನು ತೆಗೆದುಕೊಳ್ಳಬಹುದೇ?

ಉತ್ತರ: ಮೊದಲು ಆ ಕಪ್ಪಿನ ವಿಷಯ ಮಾತಾಡೋಣ. ನಿಮ್ಮ ಮನೆಯಲ್ಲಿ ಉಳಿದ ಬಣ್ಣದ ನೀರನ್ನೆಲ್ಲ ಒಂದೇ ತೊಟ್ಟಿಗೆ ಸುರಿದರೆ ಏನಾಗುತ್ತದೆ? ಕಪ್ಪಗೆ ಕಾಣುತ್ತದೆ ಅಲ್ವಾ? ನ್ಯಾನೊಟ್ಯೂಬ್ ಪುಡಿಯ ಕಪ್ಪು ಹೆಚ್ಚುಕಡಿಮೆ ಅಂಥದ್ದೇ. ಆ ಪುಡಿಯಲ್ಲಿ ಹತ್ತಾರು ಜಾತಿಯ ಕೊಳವೆಗಳು ಬೆರೆತಿರುತ್ತವೆ. ಒಂದೊಂದು ಜಾತಿಯೂ ಬೆಳಕಿನ ಬೇರೆ ಬೇರೆ ಭಾಗವನ್ನು ನುಂಗುತ್ತದೆ. ಎಲ್ಲ ಸೇರಿ ಕಪ್ಪು. ಒಂದೇ ಜಾತಿಯನ್ನು ಆರಿಸಿ ನೀರಿನಲ್ಲಿ ಬಿಡಿಸಿಟ್ಟರೆ ಸೊಗಸಾದ ಬಣ್ಣ ಕಾಣುತ್ತದೆ. ‘6,5’ ಎಂಬ ಜಾತಿಯ ಕೊಳವೆಗಳ ದ್ರಾವಣ ನೇರಳೆ. ಅದನ್ನು ಮೊದಲ ಸಲ ಪುಟ್ಟ ಗಾಜಿನ ಬಾಟಲಿಯಲ್ಲಿ ನೋಡಿದಾಗ ನಾನು ನೇರಳೆ ಹಣ್ಣಿನ ರಸವನ್ನೇ ನೆನೆದೆ.

ಈ 6,5 ಎಂದರೆ ಏನು? ಕಾರ್ಬನ್ ಪರಮಾಣುಗಳು ಜೇನುಗೂಡಿನ ಕಣ್ಣುಗಳ ಹಾಗೆ ಆರು ಮೂಲೆಯ ಜಾಲವಾಗಿ ಹೆಣೆದುಕೊಂಡು ಒಂದು ಹಾಳೆಯಾಗುತ್ತವೆ. ಅದೇ ಗ್ರಾಫೀನ್. ಚಾಪೆ ಸುತ್ತಿದ ಹಾಗೆ ಆ ಹಾಳೆಯನ್ನು ಸುತ್ತಿದರೆ ನ್ಯಾನೊಟ್ಯೂಬ್. ಚಾಪೆಯನ್ನು ನೇರವಾಗಿ ಸುತ್ತಬಹುದು, ಓರೆಯಾಗಿಯೂ ಸುತ್ತಬಹುದು. ಯಾವ ಕೋನದಲ್ಲಿ, ಎಷ್ಟು ಅಗಲಕ್ಕೆ ಸುತ್ತಿದೆ ಎಂಬುದನ್ನು ಎರಡು ಸಂಖ್ಯೆಗಳಲ್ಲಿ ಬರೆಯುತ್ತಾರೆ. ಆ ಎರಡು ಸಂಖ್ಯೆಗಳ ವ್ಯತ್ಯಾಸ 3ರಿಂದ ಭಾಗವಾದರೆ ಕೊಳವೆ ಲೋಹದಂತೆ ವರ್ತಿಸುತ್ತದೆ. ಭಾಗವಾಗದಿದ್ದರೆ ಅರೆವಾಹಕ. ಆದ್ದರಿಂದಲೇ ಸಾಮಾನ್ಯ ಪುಡಿಯಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಲೋಹದಂಥವು, ಉಳಿದವು ಅರೆವಾಹಕಗಳು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಜಪಾನಿನ ಎನ್‌ಇಸಿ ಸಂಸ್ಥೆಯ ಸುಮಿಯೊ ಇಜಿಮಾ 1991ರಲ್ಲಿ ಹಲವು ಗೋಡೆಗಳ ಕೊಳವೆಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡು ಬರೆದ ಮೇಲೆ ಜಗತ್ತಿನ ಗಮನ ಇತ್ತ ತಿರುಗಿತು. ಒಂದೇ ಗೋಡೆಯ ಕೊಳವೆ 1993ರಲ್ಲಿ ಬಂತು. ಇಜಿಮಾ ಅವರ ತಂಡ ಮತ್ತು ಐಬಿಎಂ ತಂಡ ಬೇರೆ ಬೇರೆಯಾಗಿಯೇ ಅದನ್ನು ಕಂಡುಕೊಂಡವು. ನಾನು ಈ ಉತ್ತರದಲ್ಲಿ ಮಾತಾಡುವುದೆಲ್ಲ ಹೆಚ್ಚಾಗಿ ಒಂಟಿ ಗೋಡೆಯ ಕೊಳವೆಯ ಬಗ್ಗೆ. ಅದರ ದಪ್ಪ ಸುಮಾರು 1 ನ್ಯಾನೊಮೀಟರ್, ಅಂದರೆ ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಉದ್ದ ಅದರ ಸಾವಿರ ಪಟ್ಟು ಇರುವುದು ಸಾಮಾನ್ಯ. ಇದಕ್ಕೆ ಒಳಮೈ, ಹೊರಮೈ ಇದೆ, ಆದರೆ ನಡುವೆ ತಿರುಳು ಎಂಬುದಿಲ್ಲ. ಇರುವ ಪ್ರತಿಯೊಂದು ಪರಮಾಣುವೂ ಮೈ ಮೇಲೆಯೇ ಇದೆ. ಆದ್ದರಿಂದ ಯಾವ ಅಣು ಬಂದು ತಗುಲಿದರೂ ಕೊಳವೆಗೆ ಅದು ಗೊತ್ತಾಗುತ್ತದೆ. ಬಣ್ಣ ಅಂಟಿಸುವ ಆಸೆ ಹುಟ್ಟಿದ್ದೇ ಇದರಿಂದ.

ಸರಿ, ಏನು ಪ್ರಯೋಜನ ಎಂದಿರಿ. ಒಂದು ಜಾತಿಯ ಕೊಳವೆ ಬೆಳಕನ್ನು ಕೆಲವೇ ಕಿರಿದಾದ ಪಟ್ಟಿಗಳಲ್ಲಿ ನುಂಗುತ್ತದೆ. 6,5 ಕೊಳವೆ 570 ನ್ಯಾನೊಮೀಟರ್ ಅಲೆಯುದ್ದದ ಆಸುಪಾಸಿನ ಹಳದಿ ಬೆಳಕನ್ನು ಚೆನ್ನಾಗಿ ಹೀರುತ್ತದೆ. ಆಮೇಲೆ ನಮ್ಮ ಕಣ್ಣಿಗೆ ಕಾಣದ 980ರ ಆಸುಪಾಸಿನಲ್ಲಿ ಮಿನುಗುತ್ತದೆ. ಉಳಿದ ನೀಲಿ, ಹಸಿರು, ಕೆಂಪು ಬೆಳಕು ಅದಕ್ಕೆ ಅಷ್ಟಾಗಿ ದಕ್ಕುವುದಿಲ್ಲ. ಬಣ್ಣದ ಅಣುವಿನ ಗುಣ ಇದಕ್ಕೆ ತದ್ವಿರುದ್ಧ. ಬೆಳಕು ನುಂಗುವುದರಲ್ಲಿ ಅದನ್ನು ಮೀರಿಸುವವರಿಲ್ಲ. ಆದರೆ ನುಂಗಿದ್ದನ್ನು ದೂರಕ್ಕೆ ಒಯ್ಯಲು, ವಿದ್ಯುತ್ತಾಗಿ ಹರಿಸಲು ಅದಕ್ಕೆ ಬರುವುದಿಲ್ಲ. ಒಬ್ಬರಿಗೆ ಊಟ ಗಳಿಸಲು ಗೊತ್ತು, ಇನ್ನೊಬ್ಬರಿಗೆ ಹೊತ್ತು ಸಾಗಿಸಲು ಗೊತ್ತು. ಇಬ್ಬರನ್ನೂ ಜೊತೆಗೂಡಿಸಿದರೆ? ಗಿಡದ ಎಲೆಯಲ್ಲಿ ಆಗುವುದೂ ಇದೇ. ಅಲ್ಲಿ ನೂರಾರು ಹಸಿರು ಅಣುಗಳು ಬೆಳಕು ಹಿಡಿದು ಒಂದು ಕೇಂದ್ರಕ್ಕೆ ಕೊಡುತ್ತವೆ.

ಈಗ ಅಂಟಿಸುವ ವಿಷಯ. ನಿಮ್ಮ ಮನೆಯ ಅನುಭವ ಇಲ್ಲಿ ನೇರವಾಗಿ ಕೆಲಸಕ್ಕೆ ಬರುತ್ತದೆ. ಲಡಿಯನ್ನು ತೊಳೆಯದೆ, ಬಿಡಿಸದೆ ಬಣ್ಣದ ತೊಟ್ಟಿಗೆ ಇಳಿಸಿದರೆ ಬಣ್ಣ ಒಳಗೆ ಹೋಗುವುದಿಲ್ಲ. ನ್ಯಾನೊಟ್ಯೂಬೂ ಹಾಗೆಯೇ. ಕೊಳವೆಗಳು ಪರಸ್ಪರ ಅಂಟಿಕೊಂಡು ಹಗ್ಗದಂತೆ ಕಟ್ಟಾಗಿರುತ್ತವೆ. ಎರಡು ಕೊಳವೆ ಮೈಗೆ ಮೈ ತಾಗಿಸಿ ಮಲಗಿದರೆ ಪ್ರತಿ ನ್ಯಾನೊಮೀಟರ್ ಉದ್ದಕ್ಕೆ ಸುಮಾರು ಅರ್ಧ ಎಲೆಕ್ಟ್ರಾನ್ ವೋಲ್ಟಿನಷ್ಟು ಸೆಳೆತ (ಅಣುಗಳ ಮಟ್ಟದಲ್ಲಿ ಶಕ್ತಿ ಅಳೆಯುವ ಮಾನ ಇದು). ಕೇಳಲು ಸಣ್ಣದು. ಆದರೆ ಕೊಳವೆ ಒಂದು ಮೈಕ್ರೊಮೀಟರ್ ಉದ್ದವಿದ್ದರೆ ಅದು 500 ಎಲೆಕ್ಟ್ರಾನ್ ವೋಲ್ಟ್ ಆಯಿತು. ಕಾರ್ಬನ್ ಕಾರ್ಬನ್ ನಡುವಿನ ಒಂದು ಸಾಮಾನ್ಯ ಬಂಧ ಮುರಿಯಲು 3.6ರಷ್ಟು ಸಾಕು. ನೂರು ಬಂಧಗಳಿಗಿಂತ ಜಾಸ್ತಿ ಬಿಗಿ ಅನ್ನಿ.

ಕಟ್ಟಿನಲ್ಲಿ ಇನ್ನೊಂದು ತೊಂದರೆಯೂ ಇದೆ. ಅರೆವಾಹಕ ಕೊಳವೆ ಹಿಡಿದ ಶಕ್ತಿಯನ್ನು ಪಕ್ಕದ ಲೋಹದಂಥ ಕೊಳವೆ ಕಸಿದುಕೊಂಡು ಶಾಖವಾಗಿ ಕಳೆದುಬಿಡುತ್ತದೆ. ಅದಕ್ಕೇ ಮೊದಮೊದಲು ಯಾರಿಗೂ ನ್ಯಾನೊಟ್ಯೂಬಿನ ಮಿನುಗು ಕಂಡಿರಲಿಲ್ಲ. ಅಮೆರಿಕದ ರೈಸ್ ವಿಶ್ವವಿದ್ಯಾಲಯದಲ್ಲಿ ಬ್ರೂಸ್ ವೈಸ್‌ಮನ್, ರಿಚರ್ಡ್ ಸ್ಮಾಲಿ ಮತ್ತು ಅವರ ಜೊತೆಗಾರರು 2002ರಲ್ಲಿ ಈ ಗಂಟು ಬಿಡಿಸಿದರು. ಮಾಡಿದ್ದು ಸರಳ. ಸಾಬೂನಿನಂಥ ವಸ್ತು ಕರಗಿಸಿದ ನೀರಿನಲ್ಲಿ ಪುಡಿ ಹಾಕಿ, ಶಬ್ದದ ಅಲೆಗಳಿಂದ ಜೋರಾಗಿ ಅಲುಗಾಡಿಸಿದರು. ಆಮೇಲೆ ಭಾರಿ ವೇಗದ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ಕಟ್ಟುಗಳನ್ನೆಲ್ಲ ತಳಕ್ಕೆ ಕೂರಿಸಿದರು. ಮೇಲಿನ ತಿಳಿಯಲ್ಲಿ ಒಂಟಿ ಕೊಳವೆಗಳು ಉಳಿದವು. ಅವು ಮಿನುಗಿದವು. ಈ ಕ್ಷೇತ್ರದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಪ್ರಯೋಗ ಇದು.

ಕೊಳವೆ ಬಿಡಿಯಾದ ಮೇಲೆ ಬಣ್ಣ ಹಾಕುವುದಕ್ಕೆ ಮೂರು ದಾರಿ. ನಿಮ್ಮ ಅಜ್ಜನಿಗೆ ಮೂರೂ ಗೊತ್ತಿರುತ್ತವೆ, ಹೆಸರು ಬೇರೆ ಅಷ್ಟೆ.

ಮೊದಲನೆಯದು ಡೈರೆಕ್ಟ್ ಬಣ್ಣದ ದಾರಿ. ಉಪ್ಪು ಹಾಕಿದ ಬಿಸಿ ನೀರಿನಲ್ಲಿ ಹತ್ತಿ ನೂಲು ಮುಳುಗಿಸಿದರೆ ಉದ್ದನೆಯ, ಚಪ್ಪಟೆ ಬಣ್ಣದ ಅಣುಗಳು ನೂಲಿನ ಎಳೆಗೆ ಒರಗಿ ಮಲಗುತ್ತವೆ. ಗಟ್ಟಿ ಬಂಧ ಏನೂ ಆಗಿರುವುದಿಲ್ಲ. ಸಣ್ಣ ಸಣ್ಣ ಸೆಳೆತಗಳು ಸೇರಿ ಹಿಡಿದಿರುತ್ತವೆ. ಅದಕ್ಕೇ ಒಗೆದಾಗ ಸ್ವಲ್ಪ ಸ್ವಲ್ಪ ಬಣ್ಣ ಬಿಡುತ್ತದೆ. ನ್ಯಾನೊಟ್ಯೂಬಿನ ಮೈಯೂ ಬೆಂಜೀನ್ ಉಂಗುರಗಳದ್ದೇ. ಚಪ್ಪಟೆ ಉಂಗುರಗಳಿರುವ ಬಣ್ಣದ ಅಣು ಅದರ ಮೇಲೆ ರೊಟ್ಟಿ ಮೇಲೆ ರೊಟ್ಟಿ ಇಟ್ಟ ಹಾಗೆ ಕೂರುತ್ತದೆ. ಪೈರೀನ್, ಪಾರ್ಫೈರಿನ್, ಥ್ಯಾಲೊಸಯನೀನ್, ಪೆರಿಲೀನ್ ಇವೆಲ್ಲ ಹೀಗೆ ಕೂರುವಂಥವು. ಸ್ಟ್ಯಾನ್‌ಫರ್ಡಿನ ಹೊಂಗ್‌ಜೀ ಡಾಯ್ ಅವರ ತಂಡ 2001ರಲ್ಲಿ ಪೈರೀನನ್ನು ಲಂಗರಿನ ಹಾಗೆ ಬಳಸಿತು. ಪೈರೀನ್ ತುದಿ ಕೊಳವೆಯ ಮೇಲೆ ಒರಗಿತು, ಇನ್ನೊಂದು ತುದಿಗೆ ಪ್ರೋಟೀನ್ ಕಟ್ಟಿದರು. ಪ್ರೋಟೀನ್ ಕಟ್ಟಿದ ಜಾಗದಲ್ಲಿ ಬಣ್ಣದ ಅಣುವನ್ನೂ ಕಟ್ಟಬಹುದು. ಜರ್ಮನಿಯ ಎರ್ಲಾಂಗೆನ್‌ನಲ್ಲಿ ಆಂಡ್ರಿಯಾಸ್ ಹಿರ್ಶ್ ಅವರ ತಂಡ ನೀರಿನಲ್ಲಿ ಕರಗುವ ಪೆರಿಲೀನ್ ಬಣ್ಣಗಳನ್ನು ಮಾಡಿತು. ಅವು ಸಾಬೂನಿನ ಕೆಲಸವನ್ನೂ ತಾವೇ ಮಾಡಿ, ಕಟ್ಟು ಬಿಡಿಸಿ, ಬಣ್ಣವಾಗಿಯೂ ಉಳಿಯುತ್ತವೆ.

ಈ ದಾರಿಯ ದೊಡ್ಡ ಗುಣ ಎಂದರೆ ಕೊಳವೆಗೆ ಗಾಯವಾಗುವುದಿಲ್ಲ. ದೋಷ ನಿಮಗೆ ಗೊತ್ತಿರುವುದೇ: ಬಣ್ಣ ಬಿಡುತ್ತದೆ. ದ್ರಾವಣ ಬದಲಿಸಿದರೆ, ಸಾಬೂನು ಜಾಸ್ತಿಯಾದರೆ ಅಣು ಎದ್ದು ಹೋಗುತ್ತದೆ.

ಎರಡನೆಯದು ರಿಯಾಕ್ಟಿವ್ ಬಣ್ಣದ ದಾರಿ. ಸೋಡಾ ಹಾಕಿದ ಕೂಡಲೇ ಬಣ್ಣ ನೂಲಿನೊಂದಿಗೆ ನಿಜವಾದ ರಾಸಾಯನಿಕ ಬಂಧ ಕಟ್ಟಿಕೊಳ್ಳುತ್ತದೆ. ಪಕ್ಕಾ ಬಣ್ಣ. ಬ್ರಿಟನ್ನಿನ ಐಸಿಐ ಕಂಪನಿ 1956ರಲ್ಲಿ ಪ್ರೋಸಿಯಾನ್ ಹೆಸರಿನಲ್ಲಿ ಇಂಥ ಬಣ್ಣಗಳನ್ನು ಮಾರುಕಟ್ಟೆಗೆ ತಂದಿತು. ಅವುಗಳಲ್ಲಿ ನೂಲನ್ನು ಹಿಡಿಯುವ ಕೈ ಯಾವುದು ಗೊತ್ತೇ? ಕ್ಲೋರಿನ್ ಸಿಕ್ಕಿಸಿದ ಟ್ರಯಜೀನ್ ಎಂಬ ಉಂಗುರ. ಈ ಹೆಸರನ್ನೂ ನೆನಪಿಡಿ.

ನ್ಯಾನೊಟ್ಯೂಬಿಗೆ ಗಟ್ಟಿ ಬಂಧ ಕಟ್ಟುವ ಹಳೆಯ ರೀತಿ ಸ್ವಲ್ಪ ಒರಟು. ನೈಟ್ರಿಕ್, ಸಲ್ಫ್ಯೂರಿಕ್ ಆಮ್ಲದಲ್ಲಿ ಕುದಿಸಿದರೆ ಕೊಳವೆಯ ತುದಿಗಳಲ್ಲಿ, ಮೈಯ ದೋಷವಿರುವ ಕಡೆ ಕಾರ್ಬಾಕ್ಸಿಲ್ ಎಂಬ ಆಮ್ಲಗುಣದ ಗುಂಪು ಹುಟ್ಟುತ್ತದೆ. ಅದಕ್ಕೆ ಅಮೈನ್ ಎಂಬ ನೈಟ್ರೋಜನ್ ಗುಂಪು ಇರುವ ಬಣ್ಣವನ್ನು ಜೋಡಿಸಬಹುದು. ಇನ್ನೊಂದು ರೀತಿ ಡಯಾಜೋ ಲವಣದ್ದು. ನ್ಯಾಫ್ತಾಲ್ ಬಣ್ಣ ಹಾಕುವಾಗ ಮಂಜುಗಡ್ಡೆ ಇಟ್ಟುಕೊಂಡು ಮಾಡುವ ಡಯಾಜೋ ಕೆಲಸ ನಿಮ್ಮ ಕಡೆಯವರಿಗೆ ಹೊಸದಲ್ಲ. ರೈಸ್ ವಿಶ್ವವಿದ್ಯಾಲಯದ ಜೇಮ್ಸ್ ಟೂರ್ ಅವರ ತಂಡ 2001ರಲ್ಲಿ ಅದೇ ಜಾತಿಯ ಲವಣಗಳನ್ನು ನ್ಯಾನೊಟ್ಯೂಬಿನ ಮೇಲೆ ಬಳಸಿತು. ಒಂದು ವ್ಯತ್ಯಾಸವಿದೆ. ನೂಲಿನಲ್ಲಿ ಡಯಾಜೋದ ಎರಡು ನೈಟ್ರೋಜನ್ ಉಳಿದು ಅಜೋ ಬಣ್ಣವಾಗುತ್ತದೆ. ಕೊಳವೆಯ ಮೇಲೆ ನೈಟ್ರೋಜನ್ ಅನಿಲವಾಗಿ ಹಾರಿಹೋಗಿ, ಉಳಿದ ಉಂಗುರ ನೇರವಾಗಿ ಕೊಳವೆಯ ಕಾರ್ಬನ್ನಿಗೆ ಕಚ್ಚುತ್ತದೆ.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಹತ್ತಿ ನೂಲಿಗೆ ಬಂಧ ಕಟ್ಟಿದರೆ ನೂಲಿಗೆ ನಷ್ಟವಿಲ್ಲ. ನ್ಯಾನೊಟ್ಯೂಬಿಗೆ ಇದೆ. ಕೊಳವೆಯ ಮೈಯಲ್ಲಿ ಹರಡಿಕೊಂಡ ಎಲೆಕ್ಟ್ರಾನುಗಳಿಂದಲೇ ಅದರ ವಿದ್ಯುತ್ತು, ಅದರ ಮಿನುಗು. ಒಂದು ಕಾರ್ಬನ್ನಿಗೆ ಹೊರಗಿನಿಂದ ಬಂಧ ಕಟ್ಟಿದರೆ ಆ ಹರಡಿಕೆಯಲ್ಲಿ ಅಷ್ಟು ಜಾಗ ತೂತಾದಂತೆ. ಕೊಳವೆಯೊಳಗೆ ಬೆಳಕಿನಿಂದ ಹುಟ್ಟಿದ ಶಕ್ತಿಯ ಪೊಟ್ಟಣಕ್ಕೆ ಎಕ್ಸಿಟಾನ್ ಎನ್ನುತ್ತಾರೆ. ಅದು ಒಂದೆಡೆ ಸುಮ್ನೆ ಕೂರುವುದಿಲ್ಲ. ಸಾಯುವ ಮೊದಲು ಸುಮಾರು 90 ನ್ಯಾನೊಮೀಟರ್ ಉದ್ದ ಓಡಾಡುತ್ತದೆ ಎಂದು ರೈಸ್ ತಂಡವೇ 2007ರಲ್ಲಿ ಅಳೆದು ತೋರಿಸಿತು. ಅಷ್ಟು ದೂರದೊಳಗೆ ಎಲ್ಲಿ ಒಂದು ತೂತಿದ್ದರೂ ಅದು ಹೋಗಿ ಬೀಳುವ ಸಾಧ್ಯತೆ ಇದೆ. ಟೂರ್ ಅವರ ಮೊದಲ ಪ್ರಯೋಗಗಳಲ್ಲಿ ಸುಮಾರು 20 ಕಾರ್ಬನ್ನಿಗೆ ಒಂದರಂತೆ ಗುಂಪುಗಳು ಕಚ್ಚಿದ್ದವು. ಅಂಥ ಕೊಳವೆಯಲ್ಲಿ ಮೂಲದ ಬಣ್ಣವೂ ಉಳಿಯುವುದಿಲ್ಲ, ಮಿನುಗೂ ಉಳಿಯುವುದಿಲ್ಲ.

ಬಣ್ಣ ಹತ್ತಿತು, ಬಟ್ಟೆ ಹರಿಯಿತು ಎಂದಂತೆ. ನನ್ನ ಮಟ್ಟಿಗೆ ಈ ಇಡೀ ವಿಷಯದ ಗಂಟು ಇಲ್ಲೇ ಇದೆ. ಅಂಟಿಸುವುದು ಕಷ್ಟವಲ್ಲ. ಅಂಟಿಸಿದ ಮೇಲೂ ಕೊಳವೆ ಕೊಳವೆಯಾಗಿಯೇ ಉಳಿಯಬೇಕು, ಬಣ್ಣ ಬಣ್ಣವಾಗಿಯೇ ಉಳಿಯಬೇಕು, ಎರಡರ ನಡುವೆ ಮಾತುಕತೆಯೂ ನಡೆಯಬೇಕು. ಯಾರಾದರೂ ಹೊಸ ವಸ್ತು ಮಾಡಿದ್ದೇವೆ ಎಂದರೆ ನಾನು ನೋಡುವುದು ಈ ಮೂರನ್ನೇ.

ಈ ಗಂಟನ್ನು ಬಿಡಿಸಲು ಇಬ್ಬಗೆಯ ಕೆಲಸ ನಡೆದಿದೆ. ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಯುಹುವಾಂಗ್ ವಾಂಗ್ ಅವರ ತಂಡ 2013ರಲ್ಲಿ ಡಯಾಜೋ ಲವಣವನ್ನು ಬಹಳ ತೆಳುವಾಗಿ ಬಳಸಿತು. ಎಲ್ಲೋ ದೂರ ದೂರಕ್ಕೆ ಒಂದೊಂದು ಬಂಧ. ಆಗ ಆ ಜಾಗ ಎಕ್ಸಿಟಾನನ್ನು ಕೊಲ್ಲುವ ಬದಲು ಹಿಡಿದಿಟ್ಟುಕೊಂಡು ಮಿನುಗಿಸಿತು. ಮಿನುಗು 28 ಪಟ್ಟಿನವರೆಗೆ ಜಾಸ್ತಿಯಾಯಿತು. ದೋಷ ಎಂದುಕೊಂಡದ್ದೇ ದೀಪವಾಯಿತು.

ಇನ್ನೊಂದು ಕೆಲಸ ಬರ್ಲಿನ್‌ನದು. ಅಲ್ಲಿನ ಫ್ರೀ ವಿಶ್ವವಿದ್ಯಾಲಯದ ಸ್ಟೆಫನಿ ರೈಖ್, ರೈನರ್ ಹಾಗ್ ಮತ್ತು ಜೊತೆಗಾರರು 2017ರಲ್ಲಿ ಒಂದು ಉಪಾಯ ಪ್ರಕಟಿಸಿದರು. ಅವರು ಹಿಡಿದದ್ದು ಟ್ರಯಜೀನ್ ಉಂಗುರವನ್ನು! ನಿಮ್ಮ ಮನೆಯ ರಿಯಾಕ್ಟಿವ್ ಬಣ್ಣದ ಅದೇ ಉಂಗುರ. ಅದರ ಒಂದು ಮೂಲೆಗೆ ಅಜೈಡ್ ಎಂಬ ಮೂರು ನೈಟ್ರೋಜನ್ನುಗಳ ಗುಂಪು ಸಿಕ್ಕಿಸಿದರು. ಅದರಿಂದ ಬರುವ ನೈಟ್ರೋಜನ್ ಕೊಳವೆಯ ಎರಡು ಕಾರ್ಬನ್ನುಗಳ ಮೇಲೆ ಸೇತುವೆಯಂತೆ ಕೂರುತ್ತದೆ. ಹಾಗೆ ಕೂತಾಗ ಎಲೆಕ್ಟ್ರಾನುಗಳ ಹರಡಿಕೆ ಕೆಡುವುದಿಲ್ಲ, ಮಿನುಗು ಉಳಿಯುತ್ತದೆ. ಉಂಗುರದ ಉಳಿದ ಎರಡು ಮೂಲೆಗಳಲ್ಲಿ ಕ್ಲೋರಿನ್ ಹಾಗೆಯೇ ಇದೆ. ಅಲ್ಲಿಗೆ ಬೇಕಾದ ಅಣುವನ್ನು ಜೋಡಿಸಬಹುದು. ಅವರು ಬೆಳಕಿಗೆ ಆಕಾರ ಬದಲಿಸುವ ಸ್ಪೈರೊಪೈರಾನ್ ಬಣ್ಣವನ್ನು ಜೋಡಿಸಿ ತೋರಿಸಿದರು. ನೂಲಿಗೆ ಬಣ್ಣ ಹಿಡಿಸಲು ಹುಡುಕಿದ ಉಂಗುರ ಅರವತ್ತು ವರ್ಷದ ಮೇಲೆ ನ್ಯಾನೊಟ್ಯೂಬಿಗೆ ಬಣ್ಣ ಹಿಡಿಸಿತು. ಓದಿದ ದಿನ ನನಗೆ ಬಹಳ ಹೊತ್ತು ಬೇರೆ ಕೆಲಸಕ್ಕೆ ಮನಸ್ಸಾಗಲಿಲ್ಲ.

ಮೂರನೆಯದು ನೀಲಿಯ ದಾರಿ. ಇಂಡಿಗೊ ನೀರಿನಲ್ಲಿ ಕರಗುವುದಿಲ್ಲ. ಕಾಸ್ಟಿಕ್ ಸೋಡಾ, ಹೈಡ್ರೋಸ್ ಹಾಕಿ ಅದನ್ನು ಕರಗುವ ರೂಪಕ್ಕೆ ತಂದು, ನೂಲಿನೊಳಗೆ ಇಳಿಸಿ, ಆಮೇಲೆ ಗಾಳಿಗೆ ಹಿಡಿಯುತ್ತೀರಿ. ಒಳಗೇ ಅದು ಮತ್ತೆ ಕರಗದ ನೀಲಿಯಾಗಿ ಸಿಕ್ಕಿಕೊಳ್ಳುತ್ತದೆ. ನೂಲಿಗೂ ಅದಕ್ಕೂ ಬಂಧವಿಲ್ಲ, ಆದರೆ ಹೊರಗೆ ಬರಲು ದಾರಿಯೂ ಇಲ್ಲ. ನ್ಯಾನೊಟ್ಯೂಬ್ ಹೇಗೂ ಟೊಳ್ಳು. ಬಿಸಿ ಮಾಡಿ ತುದಿಯ ಮುಚ್ಚಳ ತೆಗೆದು, ಬಣ್ಣದ ದ್ರಾವಣದಲ್ಲಿ ಕಾಯಿಸಿದರೆ ಅಣುಗಳು ಒಳಗೆ ಸೇರಿಕೊಳ್ಳುತ್ತವೆ. ಇಲ್ಲಿ ಬಣ್ಣದ ರೂಪ ಬದಲಿಸುವ ಅಗತ್ಯವಿಲ್ಲ. ಒಳಗೋಡೆಯ ಸೆಳೆತವೇ ಹಿಡಿದಿಡುತ್ತದೆ. ಹೊರಗೆ ಅಂಟಿದ್ದನ್ನು ತೊಳೆದುಬಿಡಬಹುದು.

ಜಪಾನಿನಲ್ಲಿ ಯಾನಾಗಿ, ಕತೌರಾ ಮತ್ತಿತರರು 2006ರಲ್ಲಿ ಗಜ್ಜರಿಯ ಬಣ್ಣವಾದ ಬೀಟಾ ಕ್ಯಾರೊಟೀನನ್ನೇ ಕೊಳವೆಯೊಳಗೆ ತುಂಬಿದರು. ಬಿಸಿಲಿಗೆ ಇಟ್ಟರೆ ಬೇಗ ಹಾಳಾಗುವ ಅಣು ಅದು. ಒಳಗೆ ಸೇರಿದ ಮೇಲೆ ಅತಿನೇರಳೆ ಬೆಳಕನ್ನೂ ತಡೆದುಕೊಂಡಿತು. ಬೆಲ್ಜಿಯಂನ ಆಂಟ್‌ವರ್ಪ್‌ನಲ್ಲಿ ಸೋಫಿ ಕಾಂಬ್ರೆ, ವಿಮ್ ವೆನ್ಸೆಲೀರ್ಸ್ ಮತ್ತಿತರರು 2015ರಲ್ಲಿ ತೋರಿಸಿದ್ದು ಇನ್ನೂ ಚೆಂದ. ಒಂದು ತುದಿ ಧನ, ಒಂದು ತುದಿ ಋಣ ಇರುವ ಬಣ್ಣದ ಅಣುಗಳನ್ನು ಹೊರಗೆ ಬಿಟ್ಟರೆ ತಲೆಗೆ ಕಾಲು, ಕಾಲಿಗೆ ತಲೆ ಇಟ್ಟು ಜೋಡಿಯಾಗಿ ಮಲಗುತ್ತವೆ. ಒಂದರ ಗುಣ ಇನ್ನೊಂದು ಅಳಿಸಿಹಾಕುತ್ತದೆ. ಕೊಳವೆಯೊಳಗೆ ಪಕ್ಕದಲ್ಲಿ ಮಲಗಲು ಜಾಗವೇ ಇಲ್ಲ. ರೈಲು ಡಬ್ಬಿಗಳ ಹಾಗೆ ಒಂದರ ಹಿಂದೊಂದು, ಎಲ್ಲ ಒಂದೇ ಕಡೆ ಮುಖ ಮಾಡಿ ನಿಲ್ಲಬೇಕು. ಹೀಗೆ ಸುಮಾರು 70 ಅಣುಗಳು ಒಟ್ಟಾಗಿ ಒಂದೇ ದೊಡ್ಡ ಅಣುವಿನಂತೆ ವರ್ತಿಸಿದವು. ಬೆಳಕಿನ ಆವರ್ತನವನ್ನು ಎರಡು ಪಟ್ಟು ಮಾಡುವಂಥ ಕೆಲಸಕ್ಕೆ ಇದು ಬೇಕಾದ ಗುಣ.

ಇನ್ನು ಅಂಟಿದೆ ಎಂದು ಗೊತ್ತಾಗುವುದು ಹೇಗೆ ಎಂಬ ಪ್ರಶ್ನೆ. ಎಲ್ಲಕ್ಕಿಂತ ಮುಖ್ಯವಾದದ್ದು ಇದೇ, ಹೆಚ್ಚಿನವರು ಎಡವುವುದೂ ಇಲ್ಲೇ. ನಾನೂ ಎಡವಿದ್ದೇನೆ.

ಸಂಶೋಧನೆ ಶುರು ಮಾಡಿದ ಮೊದಲ ವರ್ಷ ರೋಡಮೀನ್ ಎಂಬ ಹೊಳೆಯುವ ಗುಲಾಬಿ ಬಣ್ಣವನ್ನು ನ್ಯಾನೊಟ್ಯೂಬಿನ ಜೊತೆ ಬೆರೆಸಿದ್ದೆ. ಬಣ್ಣದ ಹೊಳಪು ಹತ್ತರಲ್ಲಿ ಒಂದು ಪಾಲಿಗೆ ಇಳಿಯಿತು. ಬಣ್ಣ ತನ್ನ ಶಕ್ತಿಯನ್ನೆಲ್ಲ ಕೊಳವೆಗೆ ಕೊಡುತ್ತಿದೆ ಎಂದು ಬರೆದು ತೆಗೆದುಕೊಂಡು ಹೋದೆ. ನನ್ನ ಮಾರ್ಗದರ್ಶಕರು ಬಾಟಲಿಯನ್ನು ಕಿಟಕಿಗೆ ಹಿಡಿದು ನೋಡಿದರು. ‘ಇಷ್ಟು ಕಪ್ಪಗಿದೆಯಲ್ಲಮ್ಮ, ಬೆಳಕು ಬಣ್ಣದವರೆಗೆ ಹೋಗಿದ್ದರೆ ತಾನೇ ಅದು ಹೊಳೆಯುವುದು’ ಎಂದರು. ಕೊಳವೆಗಳು ನಡುವೆ ನಿಂತು ಬೆಳಕನ್ನು ತಾವೇ ನುಂಗಿದ್ದವು. ಹತ್ತು ಪಟ್ಟು ನೀರು ಬೆರೆಸಿ ಮತ್ತೆ ಅಳೆದೆ. ಹೊಳಪು ಮುಕ್ಕಾಲು ಭಾಗ ವಾಪಸು ಬಂತು. ನಾಲ್ಕು ತಿಂಗಳ ಲೆಕ್ಕವನ್ನೆಲ್ಲ ಮತ್ತೆ ಮಾಡಬೇಕಾಯಿತು. ಆ ಬೇಸರ ಇನ್ನೂ ನೆನಪಿದೆ.

ಆದ್ದರಿಂದ ಹೊಳಪು ಕಡಿಮೆಯಾಯಿತು ಎನ್ನುವುದೊಂದೇ ಸಾಕ್ಷಿ ಅಲ್ಲ. ಗಟ್ಟಿ ಸಾಕ್ಷಿ ಬೇರೆ. ಬಣ್ಣ ನುಂಗುವ ಬೆಳಕನ್ನು ಹಾಕಿ, ಕೊಳವೆ ಮಿನುಗುತ್ತದೆಯೇ ನೋಡಬೇಕು. ಫ್ರಾನ್ಸಿನ ಲೋರೆ, ವೊಆಸಾಂ ಮತ್ತಿತರರ ತಂಡ 2010ರ ಸುಮಾರಿಗೆ ಪಾರ್ಫೈರಿನ್ನಿನ ಮೇಲೆ ಮಾಡಿದ ಕೆಲಸ ಇದಕ್ಕೆ ಮಾದರಿ. ಪಾರ್ಫೈರಿನ್ ನಮ್ಮ ರಕ್ತದ ಕೆಂಪಿನ, ಎಲೆಯ ಹಸಿರಿನ ಸಂಬಂಧಿ. ಬಿಡಿಯಾಗಿದ್ದಾಗ ಅದು 420 ನ್ಯಾನೊಮೀಟರಿನ ಹತ್ತಿರ ಬೆಳಕು ಹೀರುತ್ತದೆ. ಕೊಳವೆಯ ಮೇಲೆ ಕೂತ ಮೇಲೆ ಆ ಜಾಗ 438ರ ಹತ್ತಿರಕ್ಕೆ ಸರಿಯಿತು. ಕೂತದ್ದಕ್ಕೆ ಅದು ಸಾಕ್ಷಿ. ಆಮೇಲೆ ಅದೇ ಬೆಳಕನ್ನು ಹಾಕಿದಾಗ ಪಾರ್ಫೈರಿನ್ ಹೊಳೆಯಲೇ ಇಲ್ಲ. ಬದಲಿಗೆ ಕೊಳವೆಗಳು ತಮ್ಮ ಕಾಣದ ಬೆಳಕಿನಲ್ಲಿ ಮಿನುಗಿದವು. ಬಣ್ಣ ಹಿಡಿದ ಶಕ್ತಿಯೆಲ್ಲ ಬಹುಮಟ್ಟಿಗೆ ಪೂರ್ತಿಯಾಗಿ ಕೊಳವೆಗೆ ದಾಟಿತ್ತು. ಮಾತುಕತೆ ಎಂದು ನಾನು ಹೇಳಿದ್ದು ಇದನ್ನೇ.

ಕೊಳವೆಗೆ ಗಾಯವಾಗಿದೆಯೇ ಎಂದು ನೋಡಲು ರಾಮನ್ ಪರಿಣಾಮ ಇದೆ. ವಸ್ತುವಿಗೆ ತಾಗಿ ಚೆದುರಿದ ಬೆಳಕಿನಲ್ಲಿ ಸ್ವಲ್ಪ ಪಾಲು ಬಣ್ಣ ಬದಲಿಸಿರುತ್ತದೆ, ಎಷ್ಟು ಬದಲಾಯಿತು ಎಂಬುದು ಉಪಕರಣದಲ್ಲಿ ಗೆರೆಗಳಾಗಿ ಕಾಣುತ್ತದೆ. ಸರ್ ಸಿ.ವಿ. ರಾಮನ್ 1928ರಲ್ಲಿ ಕೋಲ್ಕತ್ತದಲ್ಲಿ ಕಂಡದ್ದು, ಆಮೇಲೆ ಬೆಂಗಳೂರಿಗೆ ಬಂದು ನೆಲೆಸಿದವರು. ಇವತ್ತು ಜಗತ್ತಿನ ಯಾವ ನ್ಯಾನೊಟ್ಯೂಬ್ ಪ್ರಯೋಗಾಲಯವೂ ಆ ಉಪಕರಣವಿಲ್ಲದೆ ನಡೆಯುವುದಿಲ್ಲ. ಆ ಬದಲಾವಣೆಯನ್ನು ಸೆಂಟಿಮೀಟರಿಗೆ ಇಷ್ಟು ಅಲೆ ಎಂದು ಅಳೆಯುತ್ತಾರೆ. 1590ರ ಹತ್ತಿರ ಬರುವ ಎತ್ತರದ ಗೆರೆ ಸರಿಯಾದ ಜೇನುಗೂಡಿನದು. 1350ರ ಹತ್ತಿರ ಬರುವ ಗೆರೆ ಕೆಟ್ಟ ಜಾಗಗಳದು. ಬಣ್ಣ ಹಾಕುವ ಮೊದಲು, ಆಮೇಲೆ ಎರಡರ ಅನುಪಾತ ನೋಡಿ. ಎರಡನೆಯ ಗೆರೆ ತುಂಬಾ ಏರಿದ್ದರೆ ನೀವು ಬಟ್ಟೆ ಹರಿದಿದ್ದೀರಿ.

ಮಾಡಿ ಏನು ಸಿಕ್ಕಿತು? ನನಗೆ ಎಲ್ಲಕ್ಕಿಂತ ಚೆನ್ನಾಗಿ ಅರ್ಥವಾಗುವ ಉದಾಹರಣೆ ಬಣ್ಣ ಗುರುತಿಸುವ ಕೊಳವೆ. ಪಾಲಿಯೆಸ್ಟರ್ ಬಟ್ಟೆಗೆ ಹಾಕುವ ಡಿಸ್ಪರ್ಸ್ ರೆಡ್ 1 ಎಂಬ ಕೆಂಪು ಇದೆ. ಅದೊಂದು ಅಜೋಬೆಂಜೀನ್. ಬೆಳಕು ಬಿದ್ದರೆ ನೇರವಾಗಿದ್ದ ಅಣು ಮೊಣಕೈ ಮಡಚಿದ ಹಾಗೆ ಬಾಗುತ್ತದೆ. ಬಾಗಿದಾಗ ಅದರ ಧನ ಋಣ ತುದಿಗಳ ದೂರ ಬದಲಾಗುತ್ತದೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯ ಮತ್ತು ಸ್ಯಾಂಡಿಯಾ ಪ್ರಯೋಗಾಲಯದವರು 2007ರಲ್ಲಿ ಇದನ್ನು ಟ್ರಾನ್ಸಿಸ್ಟರಿನಲ್ಲಿ ಕೂರಿಸಿದ ಒಂದು ನ್ಯಾನೊಟ್ಯೂಬಿನ ಮೇಲೆ ಒರಗಿಸಿದರು. ಅತಿನೇರಳೆ ಬೆಳಕು ಹಾಕಿದಾಗ ಅಣು ಬಾಗಿತು, ಕೊಳವೆಯಲ್ಲಿ ಹರಿಯುವ ವಿದ್ಯುತ್ತು ಬದಲಾಯಿತು. ಬೆಳಕು ತೆಗೆದರೆ ವಾಪಸು. ಸ್ಯಾಂಡಿಯಾದವರು 2009ರಲ್ಲಿ ಮುಂದಕ್ಕೆ ಹೋಗಿ, ಬೇರೆ ಬೇರೆ ಬಣ್ಣದ ಬೆಳಕಿಗೆ ಬಾಗುವ ಅಣುಗಳನ್ನು ಮಾಡಿ ಅಂಟಿಸಿದರು. ಅಂಟಿಸಿದ ಅಣುವಿಗೆ ತಕ್ಕ ಬಣ್ಣದ ಬೆಳಕು ಬಿದ್ದರೆ ಕೊಳವೆ ಹೇಳತೊಡಗಿತು. ಗಮನಿಸಿ, ಇಲ್ಲಿ ಬಣ್ಣ ಕೊಳವೆಗೆ ಶಕ್ತಿ ಕೊಡುತ್ತಿಲ್ಲ. ಪಕ್ಕದಲ್ಲಿ ಕೂತು ಮೈ ಹೊರಳಿಸುತ್ತದೆ, ಅಷ್ಟೆ. ಅಷ್ಟಕ್ಕೇ ಕೊಳವೆಗೆ ಗೊತ್ತಾಗುತ್ತದೆ.

ಅದೇ ಅಜೋಬೆಂಜೀನ್ ಬಿಸಿಲನ್ನು ಕೂಡಿಡಲೂ ಬರುತ್ತದೆ. ಬಾಗಿದ ಅಣು ಮತ್ತೆ ನೆಟ್ಟಗಾಗುವಾಗ ಶಾಖ ಬಿಡುತ್ತದೆ. ಎಂಐಟಿಯ ಕೋಲ್ಪಾಕ್ ಮತ್ತು ಗ್ರಾಸ್‌ಮನ್ 2011ರಲ್ಲಿ ಲೆಕ್ಕ ಹಾಕಿ, ಕೊಳವೆಯ ಮೇಲೆ ಒತ್ತೊತ್ತಾಗಿ ನಿಲ್ಲಿಸಿದರೆ ಅಣು ಜಾಸ್ತಿ ಶಕ್ತಿ ಹಿಡಿದಿಡುತ್ತದೆ ಎಂದರು. 2014ರಲ್ಲಿ ಮಾಡಿಯೂ ನೋಡಿದರು. ಒಂದು ಮೋಲ್ ಅಜೋಬೆಂಜೀನಿಗೆ 58 ಕಿಲೋಜೂಲ್ ಇದ್ದದ್ದು 120ಕ್ಕೆ ಏರಿತು. ಅಡುಗೆ ಮನೆಗೆ ಬರುವಷ್ಟು ಇದು ಅಗ್ಗವಾಗಿಲ್ಲ. ಆದರೂ ಜನಸಂದಣಿಯಲ್ಲಿ ಅಣುವಿನ ಗುಣವೇ ಬದಲಾಗುತ್ತದೆ ಎಂಬುದು ದೊಡ್ಡ ಪಾಠ.

ಕೊನೆಗೆ ನಿಮ್ಮ ಪ್ರಾಜೆಕ್ಟ್. ಖಂಡಿತ ತೆಗೆದುಕೊಳ್ಳಿ, ಆದರೆ ಮೊದಲ ದಾರಿಯಲ್ಲೇ ಹೋಗಿ. ಕಾಣದ ಬೆಳಕನ್ನು ಅಳೆಯುವ ಉಪಕರಣ ಎಲ್ಲ ಕಾಲೇಜಿನಲ್ಲೂ ಇರುವುದಿಲ್ಲ. ಬೆಳಕು ಎಷ್ಟು ನುಂಗಿತು ಎಂದು ಅಳೆಯುವ ಸಾಮಾನ್ಯ ಯುವಿ ವಿಸಿಬಲ್ ಮತ್ತು ಹೊಳಪು ಅಳೆಯುವ ಫ್ಲೋರಿಮೀಟರ್ ಇದ್ದರೂ ಪೈರೀನ್ ಅಥವಾ ಪೆರಿಲೀನ್ ಕೊಳವೆಯ ಮೇಲೆ ಕೂರುವುದನ್ನು ಚೆನ್ನಾಗಿ ನೋಡಬಹುದು. ರಾಮನ್ ಅಳತೆಗೆ ವಿಶ್ವವಿದ್ಯಾಲಯಗಳ ಸಾಮೂಹಿಕ ಉಪಕರಣ ಕೇಂದ್ರಗಳನ್ನು ಕೇಳಿ. ಬೆಂಗಳೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ಸಿ.ಎನ್.ಆರ್. ರಾವ್, ಸುಬಿ ಜಾರ್ಜ್ ಮತ್ತಿತರರು 2010ರಲ್ಲಿ ಕೊರೊನೀನ್ ಎಂಬ ಚಪ್ಪಟೆ ಅಣುವಿನ ಲವಣ ಬಳಸಿ ಲೋಹದಂಥ ಕೊಳವೆಗಳನ್ನೂ ಅರೆವಾಹಕ ಕೊಳವೆಗಳನ್ನೂ ಬೇರ್ಪಡಿಸಿದ ಕೆಲಸ ಓದಿ. ದೊಡ್ಡ ಯಂತ್ರಗಳ ಹಂಗು ಕಡಿಮೆ ಇರುವ ವಿಧಾನ ಅದು.

ಒಂದು ಎಚ್ಚರಿಕೆಯನ್ನು ದಯವಿಟ್ಟು ಲಘುವಾಗಿ ತೆಗೆದುಕೊಳ್ಳಬೇಡಿ. ಒಣ ಪುಡಿಯನ್ನು ಬಯಲಿನಲ್ಲಿ ತೂಗಬೇಡಿ. ಹಲವು ಗೋಡೆಯ ಕೊಳವೆಗಳ ಒಂದು ಬಗೆಯನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2014ರಲ್ಲಿ ಕ್ಯಾನ್ಸರ್ ತರಬಹುದಾದ ವಸ್ತುಗಳ ಪಟ್ಟಿಗೆ ಸೇರಿಸಿದೆ. ಫ್ಯೂಮ್ ಹುಡ್ ಒಳಗೆ, ಕೈಗವಸು ಮತ್ತು ಸರಿಯಾದ ಮಾಸ್ಕ್ ಹಾಕಿಕೊಂಡು ತೂಗಿ, ಕೂಡಲೇ ದ್ರವದಲ್ಲಿ ನೆನೆಸಿ. ನೆನೆದ ಮೇಲೆ ಹಾರುವ ಭಯ ಬಹಳ ಕಡಿಮೆ. ಮನೆಯ ಬಣ್ಣದ ಕೋಣೆಗಂತೂ ಇದನ್ನು ತರಲೇಬೇಡಿ.

ಕೆಲಸ ಮಾಡುವಾಗ ಮೂರು ಬಾಟಲಿ ಇಟ್ಟುಕೊಳ್ಳಿ. ಒಂದರಲ್ಲಿ ಬರೀ ಬಣ್ಣ, ಒಂದರಲ್ಲಿ ಬರೀ ಕೊಳವೆ, ಒಂದರಲ್ಲಿ ಎರಡೂ. ಮೂರಕ್ಕೂ ಒಂದೇ ಹೊತ್ತು ಶಬ್ದದ ಅಲೆ ಕೊಡಿ, ಯಾಕೆಂದರೆ ಅದರಿಂದಲೇ ಬಣ್ಣ ಸ್ವಲ್ಪ ಕೆಡಬಹುದು. ಮೂರನೆಯದನ್ನು ಸೋಸಿ, ಕೆಳಗಿಳಿಯುವ ನೀರು ಬಣ್ಣ ಬಿಡುವುದು ನಿಲ್ಲುವವರೆಗೆ ತೊಳೆಯಿರಿ. ಬನಹಟ್ಟಿಯಲ್ಲಿ ಬೆಳೆದವರಿಗೆ ಲಡಿ ತೊಳೆಯುವುದು ಎಷ್ಟು ಹೊತ್ತಿನ ಕೆಲಸ ಎಂದು ನಾನು ಹೇಳಬೇಕಾಗಿಲ್ಲ. ಆ ತೊಳೆದ ನೀರನ್ನು ಚೆಲ್ಲಬೇಡಿ, ಅದನ್ನೂ ಅಳೆಯಿರಿ. ಹಾಕಿದ ಬಣ್ಣದಲ್ಲಿ ಹೊರಗೆ ಬಂದದ್ದನ್ನು ಕಳೆದರೆ ಕೊಳವೆಯ ಮೇಲೆ ಉಳಿದದ್ದು ಎಷ್ಟು ಎಂದು ಸಿಗುತ್ತದೆ. ಸೋಸುವ ಕಾಗದಕ್ಕೆ ಎಷ್ಟು ಹತ್ತಿತು ಎಂಬುದನ್ನು ಬರೀ ಬಣ್ಣದ ಬಾಟಲಿಯನ್ನೂ ಹಾಗೆಯೇ ಸೋಸಿ ಲೆಕ್ಕ ಹಿಡಿಯಿರಿ. ಆಮೇಲೆ ಮೂರು ಬಾಟಲಿ ಮತ್ತು ತೊಳೆದ ನೀರು, ಈ ನಾಲ್ಕರ ಅಳತೆಯ ಗೆರೆಗಳನ್ನೂ ಒಂದೇ ಹಾಳೆಯ ಮೇಲೆ ಎಳೆದು ನನಗೆ ಕಳಿಸಿ. ಕೂತು ನೋಡೋಣ.